ಎರಡು ವ್ಯಾಟಿನ ಶಿವದೇವಿ

ಎತ್ತರ ಐದಡಿಗೆ ಒಂದು ಬೆರಳು ಕಡಿಮೆ. ಆ ಕೊರತೆಯನ್ನು ಅಗಲದಲ್ಲಿ ತುಂಬಿಕೊಟ್ಟಿದೆ. ಹಲ್ಲು ಗಟ್ಟಿ, ಕಣ್ಣು ಚುರುಕು, ನಾಲಿಗೆಗೆ ಹಿಡಿಕೆಯಿಲ್ಲ, ಎಲ್ಲಿ ಹಿಡಿದರೂ ಕೊಯ್ಯುತ್ತದೆ. ಬಲಗೈಯೊಂದೇ ಇಬ್ಬರು ಆಳುಗಳಿಗೆ ಸಮ. ಅಂಗೈ ಹಂಚಿನ ಕಾವಿಗೆ ಬೆಂದು ಬೆಂದು ಚಪ್ಪಲಿಯ ಅಟ್ಟೆಯಂತಾಗಿದೆ. ದೋಷವೆಂದರೆ ಸರಕನ್ನು ನೋಡದೆ ಕೊಳ್ಳುವುದಿಲ್ಲ, ನೋಡಿದ ಮೇಲೆ ಬಯ್ಯದೆ ಕೊಳ್ಳುವುದಿಲ್ಲ.

ಕೊಂಡಾಪುರದ ಖಾನಾವಳಿಯಲ್ಲಿ ಶಿವದೇವಿಯನ್ನು ಮೊದಲ ಸಲ ಕಂಡಾಗ ದಿಲ್‌ಸುಖ್‌ನಗರದ ಜೋಳದ ವ್ಯಾಪಾರಿ ದತ್ತಾತ್ರೇಯ ಮನಸ್ಸಿನಲ್ಲೇ ಕಟ್ಟಿದ ಅಂದಾಜು ಇದು. ಇದನ್ನು ಬರೆಯುತ್ತಿರುವವನೂ ಅವನೇ. ಅಂದಾಜು ಬಹುಮಟ್ಟಿಗೆ ಸರಿಯಿತ್ತು. ತಪ್ಪಿದ್ದು ಒಂದೇ ಕಡೆ: ಈ ಹೆಂಗಸಿಗೆ ಹಂಚು, ಹಿಟ್ಟು, ಜಗಳ ಬಿಟ್ಟರೆ ನಾಲ್ಕನೆಯದು ಬರುವುದಿಲ್ಲ ಎಂದುಕೊಂಡದ್ದು.

ಆಗ ತೆಲುಗು ಸೀಮೆಯ ಈ ಕೊಂಡಾಪುರವೆಂದರೆ ದಿನವಿಡೀ ಸಿಡಿಯುವ ಊರು. ಗಾಜಿನ ಆಫೀಸುಗಳು ಏಳಬೇಕು, ಅದಕ್ಕೆ ಮೊದಲು ಬಂಡೆಗಳು ಸಾಯಬೇಕು. ಮಧ್ಯಾಹ್ನದ ಸೀಟಿ ಕೂಗಿದರೆ ಜನ ತಟ್ಟೆ ಹಿಡಿದುಕೊಂಡೇ ಗೋಡೆಗೆ ಆತುಕೊಳ್ಳುತ್ತಿದ್ದರು. ಶಿವದೇವಿಯ ಗಂಡ ಅಮರೇಶಪ್ಪ ಆ ಬಂಡೆಗಳಿಗೆ ಮದ್ದು ತುಂಬುವ ಕೆಲಸದವನು. ಸೇಡಂ ಕಡೆಯಿಂದ ಬಂದವನು, ಸುತ್ತ ಬರೀ ಕಲ್ಲಿದ್ದ ಕಾಲದಲ್ಲಿ ಒಂದು ತುಂಡು ನೆಲ ಕೊಂಡು ಹೆಂಡತಿಯ ಹೆಸರಿಗೆ ಮಾಡಿಸಿದ್ದ. ಒಂದು ದಿನ ಮದ್ದು ಅವಸರ ಮಾಡಿತು. ಜಲ್ಲಿ ಸಾಗಿಸುವ ಟ್ರ್ಯಾಕ್ಟರಿನಲ್ಲೇ ಅವನನ್ನು ಮನೆಗೆ ತಂದರು. ಮುಖಕ್ಕೆ ಮುಚ್ಚಿದ್ದ ಟವೆಲ್ಲನ್ನು ತೆಗೆಯಬೇಡಿ ಎಂದರು. ಶಿವದೇವಿ ತೆಗೆದಳು. ನೋಡಿದಳು. ಮರಳಿ ಮುಚ್ಚಿದಳು. ಹದಿಮೂರನೆಯ ದಿನ ಮುಗಿಸಿ ಅದೇ ನೆಲದಲ್ಲಿ ತಗಡಿನ ಚಪ್ಪರ ಹಾಕಿ ರೊಟ್ಟಿ ತಟ್ಟಲು ಕೂತಳು. ಕಂಪ್ಯೂಟರ್ ಕೆಲಸಕ್ಕೆ ಬಂದ ಕನ್ನಡದ ಹುಡುಗರೆಲ್ಲ ಅವಳ ಚಪ್ಪರಕ್ಕೆ ಬಿದ್ದರು.

ಅವರಲ್ಲೊಬ್ಬ ಪುತ್ತೂರಿನ ಭರತ. ಚಪ್ಪರದ ಹಿಂದಿದ್ದ ಎರಡು ಕೋಣೆಗಳಲ್ಲಿ ಒಂದನ್ನು ಬಾಡಿಗೆಗೆ ಹಿಡಿದ. ಬಂದ ವಾರವೇ ನೀರಿನ ಟ್ಯಾಂಕಿನಿಂದ ಬೇವಿನ ಮರಕ್ಕೆ ಉದ್ದನೆಯ ತಂತಿ ಕಟ್ಟಿದ. ಸ್ಟೀಲಿನ ಊಟದ ಡಬ್ಬಿಯೊಳಗೆ ತಾನೇ ಬೆಸುಗೆ ಹಾಕಿದ ರೇಡಿಯೋ, ಸ್ಕೂಟರಿನ ಬ್ಯಾಟರಿ, ಬೆರಳಿನಿಂದ ಒತ್ತುವ ಹಿತ್ತಾಳೆಯ ಕೀಲಿ. ಗಿಡ್ಡ ಸದ್ದು, ಉದ್ದ ಸದ್ದು, ಅವೆರಡನ್ನೂ ಜೋಡಿಸಿ ಅಕ್ಷರ, ಅಕ್ಷರ ಜೋಡಿಸಿ ಮಾತು. ಅದು ಹವ್ಯಾಸಿ ರೇಡಿಯೋ. ಅದರಲ್ಲೂ ಕಡಿಮೆ ಶಕ್ತಿಯದು.

ಜೋಳ ಇಳಿಸಲು ಬಂದ ದತ್ತಾತ್ರೇಯ ಡಬ್ಬಿಯನ್ನು ಎತ್ತಿ ನೋಡಿದ. "ಎಷ್ಟು ಜೋರು ಐತ್ರಿ ಇದು?"

"ಎರಡು ವ್ಯಾಟ್," ಎಂದ ಭರತ.

"ದೇವರ ಮುಂದಿನ ಜೀರೋ ಬಲ್ಬ್ ಇದಕ್ಕಿಂತ ಹೆಚ್ಚು ತಿಂತೈತಿ. ಇಷ್ಟರಾಗ ಎಲ್ಲಿ ಮುಟ್ಟತೀರಿ? ಬಾಜೂಕಿನ ಮಿಯಾಪುರ?"

"ನಿನ್ನೆ ಕೊಲಂಬೋ ಸಿಕ್ಕಿತು ಮಾರಾಯ್ರೆ. ಇದರಲ್ಲಿ ಕೂಗಲಿಕ್ಕಿಲ್ಲ. ಕೇಳುದು. ಗದ್ದಲದ ಎಡೆಯಲ್ಲಿ ಒಂದು ಸಂದು ಉಂಟಲ್ಲ, ಅದು ಸಿಕ್ಕುವವರೆಗೆ ಬಾಯಿ ಮುಚ್ಚಿ ಕೂತ್ಕೊಳ್ಳುದು. ಸಿಕ್ಕಿದ ಕೂಡಲೇ ನುಗ್ಗುದು."

"ಬಾಯಿ ಮುಚ್ಚಿ ಕೂಡೂದು ಶಿವದೇವಿಗೆ ಆಗೂ ಮಾತಲ್ಲ ಬಿಡ್ರಿ," ಎಂದ ದತ್ತಾತ್ರೇಯ. ಅವಳು ಹಿಟ್ಟಿನ ಕೈಯನ್ನು ಅವನ ಬಿಳಿ ಅಂಗಿಗೆ ಒರೆಸಿ ಹೋದಳು.

ಆದರೆ ಆ ಮಾತು ಅವಳನ್ನು ಕಚ್ಚಿತು. ರೊಟ್ಟಿ ತಟ್ಟುತ್ತ ಕೂತಾಗ ಹಿಂದಿನ ಕೋಣೆಯ ಸದ್ದು ದಿನಾ ಕಿವಿಗೆ ಬೀಳುತ್ತಿತ್ತು. ಗಿಡ್ಡದಕ್ಕೆ ಬೆರಳ ತುದಿ, ಉದ್ದಕ್ಕೆ ಇಡೀ ಅಂಗೈ: ಭರತನ ಸದ್ದಿನ ಜೊತೆ ಅವಳ ರೊಟ್ಟಿಯೂ ನಡೆಯತೊಡಗಿತು. ಮೊದಲು ರೊಟ್ಟಿ ಕೆಟ್ಟಿತು, ಆಮೇಲೆ ಅಕ್ಷರ ಬಂತು. ಪಿಯುಸಿ ಅರ್ಧಕ್ಕೆ ಬಿಟ್ಟಿದ್ದವಳಿಗೆ ಭರತ ಇಂಗ್ಲಿಷ್ ಅಕ್ಷರಗಳನ್ನು ನೆನಪಿಸಿದ, ನಿಯಮಗಳನ್ನು ಓದಿ ಹೇಳಿದ, ಪರೀಕ್ಷೆಗೆ ಕಟ್ಟಿಸಿದ. ಮೊದಲ ಸಲ ಫೇಲಾದಳು. ಅವಳ ಕೈಯದೇ ತಪ್ಪು. ರೊಟ್ಟಿ ದುಂಡಗಾಗಬೇಕಾದರೆ ಮೂರು ತಟ್ಟಿಗೊಮ್ಮೆ ತಿರುಗಿಸಬೇಕು. ಅವಳು ಕೀಲಿಯಲ್ಲೂ ಮೂರು ಸದ್ದಿಗೊಮ್ಮೆ ಕ್ಷಣ ನಿಂತು, ಇಲ್ಲದ ರೊಟ್ಟಿಯನ್ನು ತಿರುಗಿಸಿ ಮುಂದೆ ಹೋಗುತ್ತಿದ್ದಳು. ಎರಡನೆಯ ಸಲ ಆ ತಿರುವು ಸಣ್ಣದಾಯಿತು, ಪಾಸಾದಳು. ತಿರುವು ಪೂರ್ತಿ ಹೋಗಲೇ ಇಲ್ಲ ಮಾತ್ರ. ವಿಚಾರಣೆಗೆ ಬಂದ ಪೊಲೀಸಿನವನು ಎಣ್ಣೆಗಾಯಿ ಬದನೆಕಾಯಿ ಉಂಡು, "ಅಮ್ಮಾ, ಪಾಕಿಸ್ತಾನ್ ಜೊತೆ ಮಾತಾಡಲ್ಲ ತಾನೆ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಇನ್ನೊಂದು ರೊಟ್ಟಿ ಕೇಳಿದ. ಲೈಸೆನ್ಸ್ ಬಂತು.

ಬೀದರಿನಲ್ಲಿ ರಾಘವೇಂದ್ರ ಎಂಬ ಮುದುಕನಿದ್ದ. ರೈಲ್ವೆಯಲ್ಲಿ ತಂತಿ ಬಡಿದು ನಿವೃತ್ತನಾದವನು. ಊಟದ ಗದ್ದಲ ಮುಗಿದ ಮೇಲೆ, ದಿನಾ ನಾಲ್ಕಕ್ಕೆ, ಅವನೊಂದಿಗೆ ಶಿವದೇವಿಯ ಮಾತು. ಇಂಗ್ಲಿಷ್ ಅಕ್ಷರದಲ್ಲಿ ಅಪ್ಪಟ ಕನ್ನಡ. ರೊಟ್ಟಿ ಆತೇನ್ರಿ, ಮೊಣಕಾಲು ಹ್ಯಾಂಗೈತ್ರಿ. ಆ ತಿರುವು ಕೇಳಿದಾಗಲೆಲ್ಲ, ನಿಮ್ಮ ಕೈಯಿಂದ ಹಿಟ್ಟು ಉದುರುತ್ತದೆ ಎಂದು ಅವನು ಗೇಲಿ ಮಾಡುತ್ತಿದ್ದ. ನಿಯಮದ ವಿಷಯದಲ್ಲಿ ಮಹಾ ಬಿಗಿ. ಲೈಸೆನ್ಸ್ ಇಲ್ಲದವನು ಕರೆದರೆ ಕಿವುಡನಾಗುತ್ತಿದ್ದ.

"ಬೀದರ್‌ದಾಗ ಇವತ್ತು ಜೋಳ ಹ್ಯಾಂಗ್ ನಡದೈತಿ, ಕೇಳ್ರಿ," ಎಂದ ದತ್ತಾತ್ರೇಯ ಒಂದು ದಿನ.

"ಕೇಳಂಗಿಲ್ರಿ. ಇದರಾಗ ವ್ಯಾಪಾರದ ಮಾತು ಆಡಬಾರ್ದು. ಕಾನೂನು ಐತಿ."

ವ್ಯಾಪಾರದ ಮಾತೇ ಆಡಬಾರದೆಂದರೆ ಮನುಷ್ಯ ಬಾಯಿ ಏಕೆ ತೆಗೆಯಬೇಕು ಎಂಬುದು ದತ್ತಾತ್ರೇಯನಿಗೆ ಅರ್ಥವಾಗಲಿಲ್ಲ. ಡಬ್ಬಿಯ ಮೇಲೆ ಅವನಿಗಿದ್ದ ಅಷ್ಟಿಷ್ಟು ಮರ್ಯಾದೆಯೂ ಅಂದಿಗೆ ಹೋಯಿತು.

ಅಷ್ಟರಲ್ಲಿ ಯಾದಗಿರಿ ಬಂದ. ಜನ ಅವನನ್ನು ಪ್ಲಾಟು ಯಾದಗಿರಿ ಎನ್ನುತ್ತಿದ್ದರು. ಇನ್ನೊಬ್ಬರ ನೆಲದಲ್ಲಿ ರಾತ್ರೋರಾತ್ರಿ ಕಾಂಪೌಂಡ್ ಕಟ್ಟಿ, ಬೆಳಗ್ಗೆ ಯಜಮಾನನನ್ನು ಅದರ ಹೊರಗೆ ನಿಲ್ಲಿಸಿ, ಆಮೇಲೆ ಸೆಟ್ಲ್‌ಮೆಂಟಿಗೆ ಕರೆಯುವುದು ಅವನ ಕಸುಬು. ಶಿವದೇವಿಯ ನೆಲದ ಎರಡೂ ಬದಿ ಅವನ ಕೈ ಸೇರಿತ್ತು. ನಡುವೆ ಅವಳ ಚಪ್ಪರ ಗಂಟಲಲ್ಲಿ ಸಿಕ್ಕ ಮೂಳೆಯಂತಿತ್ತು.

"ಖಾಲಿ ಕರ್ ದೇವ್ ಅಮ್ಮಾ. ಎಕ್ಕಡೋ ಒಕಚೋಟ ರೊಟ್ಟೆ ಚೇಸ್ಕೋ," ಎಂದ. ಜಾಗ ಬಿಡು, ರೊಟ್ಟಿ ಎಲ್ಲಿಯಾದರೂ ಮಾಡಿಕೊ ಎಂಬ ಔದಾರ್ಯ.

"ನನ್ನ ಗಂಡನ ರಕ್ತ ಬಿದ್ದ ಊರಿದು. ನಿನ್ನಪ್ಪನ ಬೆವರೂ ಬಿದ್ದಿಲ್ಲ ಇಲ್ಲಿ. ನಡಿ," ಎಂದಳು ಇವಳು. ಭಾಷೆ ತಿಳಿಯದಿದ್ದರೂ ಅರ್ಥ ತಿಳಿಯಿತು.

ಆ ವಾರ ಅವಳ ನಾಯಿ ಬಾಯಲ್ಲಿ ನೊರೆ ಕಾರಿ ಸತ್ತು ಗೇಟಿಗೆ ನೇತಾಡಿತು. ಮುಂದಿನ ವಾರ ಜೋಳದ ಚೀಲಗಳಿಗೆ ಬೆಂಕಿ ಬಿತ್ತು. ಠಾಣೆಗೆ ಹೋದರೆ ಇದು ಸಿವಿಲ್ ತಕರಾರು, ಕೋರ್ಟಿಗೆ ಹೋಗಿ ಎಂದರು. ಮೂರನೆಯ ಸಲ ಯಾದಗಿರಿಯ ಆಳೊಬ್ಬ ಹಂಚನ್ನೇ ಒದೆಯಲು ಬಂದ. ರೊಟ್ಟಿ ಮಗುಚುವ ಕಬ್ಬಿಣದ ಪಟ್ಟಿ ಒಲೆಯಲ್ಲಿ ಕೆಂಪಗಾಗಿತ್ತು. ಶಿವದೇವಿ ಅದನ್ನು ಅವನ ಕೆನ್ನೆಗೆ ಒತ್ತಿ, ಸಾವಕಾಶವಾಗಿ ತೆಗೆದಳು. ಚಪ್ಪರದಲ್ಲಿ ಉಣ್ಣುತ್ತಿದ್ದವರಿಗೆಲ್ಲ ಅಂದು ಊಟ ಸೇರಲಿಲ್ಲ.

ಇದರ ಸೇಡು ಭರತನ ಮೇಲೆ ಬಿತ್ತು. ಟ್ಯಾಂಕಿನಿಂದ ಮರಕ್ಕೆ ಹೋಗುವ ತಂತಿ, ಕೋಣೆಯೊಳಗಿಂದ ಕೀಂ ಕೀಂ ಸದ್ದು: ಯಾದಗಿರಿಯ ಜನರ ಲೆಕ್ಕದಲ್ಲಿ ಅದು ಪೊಲೀಸ್ ವೈರ್‌ಲೆಸ್, ಇವನು ಪೊಲೀಸರಿಗೆ ಸುದ್ದಿ ಮುಟ್ಟಿಸುವ ಖಬರಿ. ಆಫೀಸಿನಿಂದ ಬರುತ್ತಿದ್ದವನನ್ನು ಜಲ್ಲಿ ರಾಶಿಯ ಹಿಂದೆ ಎಳೆದು ಕ್ರಿಕೆಟ್ ಬ್ಯಾಟಿನಿಂದ ಮೊಣಕಾಲಿಗೆ, ಭುಜಕ್ಕೆ, ಆಮೇಲೆ ಎಲ್ಲೆಂದರಲ್ಲಿ ಹೊಡೆದರು. ತಂತಿಯನ್ನು ತುಂಡು ತುಂಡು ಮಾಡಿ ಅವನ ಕುತ್ತಿಗೆಗೆ ಹಾರ ಹಾಕಿ ಹೋದರು. ಆಸ್ಪತ್ರೆಯಲ್ಲಿ ಭರತ ಒಡೆದ ತುಟಿಯಲ್ಲೇ ಅವಳಿಗೊಂದು ಮಾತು ಹೇಳಿದ: "ಡಬ್ಬಿ ನಿಮಗೇ ಇರಲಿ ಅಮ್ಮ. ಹೊಸ ತಂತಿ ಹಾಕುವಾಗ ಮೇಲೆ ಕಟ್ಟಬೇಡಿ. ಬಟ್ಟೆ ಒಣಗಿಸುವ ಹಾಗೆ ಕಟ್ಟಿ." ಮರುದಿನ ಅವನ ಅಣ್ಣ ಬಂದು ಊರಿಗೆ ಕರೆದೊಯ್ದ.

ಶಿವದೇವಿ ತಾಮ್ರದ ತಂತಿಯನ್ನು ಕೋಣೆಯ ಕಿಟಕಿಯ ಎರಡೂ ಬದಿಗೆ, ತಲೆಯೆತ್ತರಕ್ಕೆ ಎಳೆದಳು. ಅದರ ಮೇಲೆ ಲಂಗ, ಸೀರೆ, ಮಸಿಬಟ್ಟೆ. ಸದ್ದು ಕ್ಷೀಣವಾಯಿತು ಎಂದು ಬೀದರಿನ ಮುದುಕ ಗೊಣಗಿದ. ಒಣ ಬಟ್ಟೆ ಹಾಕಿದ ದಿನ ಚೆನ್ನಾಗಿ ಕೇಳುತ್ತದೆ ಎಂದೂ ಹೇಳಿದ.

ಒಂದು ದಿನ ನಗರದಲ್ಲಿ ಬಂದ್. ಆಫೀಸುಗಳು ಮುಚ್ಚಿದ್ದವು, ಉಣ್ಣಲು ಯಾರೂ ಬಂದಿರಲಿಲ್ಲ. ಬಂದ್ ದಿನ ಟೆಂಪೋಗೆ ದಾರಿ ಸಲೀಸು ಎಂದು ದತ್ತಾತ್ರೇಯ ಬುದ್ಧಿವಂತಿಕೆ ಮಾಡಿ ತಾನೇ ಜೋಳ ತಂದು ಇಳಿಸಿದ್ದ, ಟೆಂಪೋದವನು ಹೋಗಿಯಾಗಿತ್ತು. ಒಂದು ಲೋಟ ಮಜ್ಜಿಗೆ ಕುಡಿಯುವಷ್ಟರಲ್ಲಿ ಗೇಟಿನ ಚಿಲಕ ಒಳಗಿನಿಂದ ಬಿತ್ತು. ಯಾದಗಿರಿ, ಜೊತೆಗೆ ನಾಲ್ವರು. ಅವರಲ್ಲೊಬ್ಬನ ಕೆನ್ನೆಯಲ್ಲಿ ಪಟ್ಟಿಯ ಗುರುತು. ಟೆಲಿಫೋನಿನ ತಂತಿ ಕಿತ್ತರು, ಇಬ್ಬರ ಮೊಬೈಲನ್ನೂ ನೀರಿನ ಹಂಡೆಗೆ ಹಾಕಿದರು. ಮೇಲೆ ತಂತಿಯೇನಾದರೂ ಇದೆಯೋ ಎಂದು ಟ್ಯಾಂಕು ಹತ್ತಿ ನೋಡಿದರು. ಇರಲಿಲ್ಲ. ಇಳಿದು ಬಂದವನು ಬೆವರೊರೆಸಿದ ಟವೆಲನ್ನು ಬಟ್ಟೆಯ ತಂತಿಗೆ ಹಾಕಿದ.

ಯಾದಗಿರಿ ಕ್ರಯಪತ್ರವನ್ನು ರೊಟ್ಟಿ ತಟ್ಟುವ ಮಣೆಯ ಮೇಲೆ ಹರಡಿದ. "ಸೈನ್ ಕರೋ ಅಮ್ಮಾ. ನಹೀಂ ತೋ ಈ ಸೇಟುದು ಚೆಯ್ಯಿ ಪೆನಂ ಮೀದ." ಚೆಯ್ಯಿ ಎಂದರೆ ಕೈ, ಪೆನಂ ಎಂದರೆ ಹಂಚು. ದತ್ತಾತ್ರೇಯನಿಗೆ ತೆಲುಗು ಚೆನ್ನಾಗಿ ಬರುತ್ತಿತ್ತು; ಅಂದು ಬಾರದಿದ್ದರೇ ಒಳ್ಳೆಯದಿತ್ತು ಎನಿಸಿತು.

"ಇವ್ರೇನು ನನ್ನ ಬಳಗ ಅಲ್ಲ," ಎಂದಳು ಶಿವದೇವಿ ಅಷ್ಟೇ ತಣ್ಣಗೆ. "ಜೋಳ ಮಾರಾವ್ರು. ತೂಕದಾಗ ಹೊಡೀತಾರ. ಸುಡ್ತೀಯೇನು, ಸುಡು."

ಸುಟ್ಟರು. ಎಡಗೈಯನ್ನು ಹಂಚಿನ ಮೇಲಿಟ್ಟು ಮೇಲಿಂದ ಕಾಲಿಟ್ಟು ಒತ್ತಿದರು. ತನ್ನದೇ ಚರ್ಮದ ವಾಸನೆ ಮೂಗಿಗೆ ಬಡಿದಾಗ ದತ್ತಾತ್ರೇಯನ ಬಾಯಿಂದ ಬಂದದ್ದು ಮನುಷ್ಯನ ದನಿಯಾಗಿರಲಿಲ್ಲ. ಶಿವದೇವಿ ಎದ್ದು ಒತ್ತಿದವನ ಕಿವಿಯನ್ನು ಹಲ್ಲಿನಲ್ಲಿ ಹಿಡಿದಳು. ಬಿಡಿಸಲು ಬಂದ ಕೆನ್ನೆಪಟ್ಟಿಯವನು ಅವಳ ಬಲಗೈಯನ್ನು ಕಬ್ಬಿಣದ ಬಾಗಿಲ ಸಂದಿಗೆ ಹಾಕಿ ಬಾಗಿಲನ್ನು ಒದ್ದ. ಒಣ ಕಟ್ಟಿಗೆ ಮುರಿದಂಥ ಸದ್ದು. ಒಂದಲ್ಲ, ಸಾಲಾಗಿ.

ಯಾದಗಿರಿ ಅವಳ ಕೈ ನೋಡಿದ, ಕ್ರಯಪತ್ರ ನೋಡಿದ, ಕೆನ್ನೆಪಟ್ಟಿಯವನನ್ನು ನೋಡಿದ. "ಅರೇ ಗಾಡಿದಾ! ಇಪ್ಪುಡು ಸೈನ್ ಎವಡು ಚೇಸ್ತಾಡು, ನೀ ಅಯ್ಯಾ?" ಕತ್ತೆ, ಈಗ ಸಹಿ ಯಾರು ಹಾಕುತ್ತಾರೆ, ನಿನ್ನಪ್ಪನೇ ಎಂದು ಬೈದ. ಸಹಿ ಹೋಯಿತು, ಹೆಂಗಸರದ್ದಾದರೆ ಬಲಗೈಯ ಹೆಬ್ಬೆಟ್ಟು ಬೇಕು, ಅದೂ ಗುರುತು ಸಿಗದಂತೆ ಅರೆದುಹೋಗಿತ್ತು. ಎಡಗೈಯದು ನಡೆಯುವುದೋ ಇಲ್ಲವೋ ಎಂದು ವಕೀಲನ ಗುಮಾಸ್ತನಿಗೆ ಫೋನು ಮಾಡಿದ. ಮಸಿಪ್ಯಾಡ್ ಹಿಡಿದು ನಾನೇ ಬರುತ್ತೇನೆ ಎಂದನಂತೆ ಅವನು. ಅಲ್ಲಿಯವರೆಗೆ ಇಬ್ಬರನ್ನೂ ಹಿಂದಿನ ಕೋಣೆಗೆ ನೂಕಿದರು. ದತ್ತಾತ್ರೇಯನನ್ನು ಚೀಲ ಹೊಲಿಯುವ ಹುರಿಯಿಂದ ಬಿಗಿದರು. ಶಿವದೇವಿಯನ್ನು ಕಟ್ಟಲಿಲ್ಲ, ಕಟ್ಟಲು ಅವಳಲ್ಲಿ ಏನುಳಿದಿದೆ ಎಂದುಕೊಂಡರು. ಬಾಗಿಲು ಹಾಕುವ ಮೊದಲು ಯಾದಗಿರಿ ತನ್ನ ಆಳೊಬ್ಬನಿಗೆ ಹೇಳಿದ್ದು ದತ್ತಾತ್ರೇಯನಿಗೆ ಸ್ಪಷ್ಟವಾಗಿ ಕೇಳಿತು: ಹೆಬ್ಬೆಟ್ಟು ಬಿದ್ದ ಮೇಲೆ ಸೇಟು ಕ್ವಾರಿ ಗುಂಡಿಗೆ. ನೋಡಿದವನು ಉಳಿಯಬಾರದು.

"ಕೇಳಿಸ್ತೇನ್ರಿ?" ಎಂದ ದತ್ತಾತ್ರೇಯ.

"ಕೇಳಿಸ್ತು. ನಾಲ್ಕು ಆಗೈತಿ," ಎಂದಳು ಅವಳು. ಹಿಟ್ಟಿನ ಡಬ್ಬದ ಹಿಂದಿನಿಂದ ಭರತನ ಊಟದ ಡಬ್ಬಿ ಬಂತು. ಬಲಗೈ ಮಡಿಲಲ್ಲಿ ಸತ್ತ ಹಕ್ಕಿಯಂತೆ ಬಿದ್ದಿತ್ತು. ಎಡಗೈಯಲ್ಲಿ, ಹಲ್ಲಿನಲ್ಲಿ ಕಿಟಕಿಯ ಬಟ್ಟೆ ತಂತಿಯ ತುದಿ ಸಿಕ್ಕಿಸಿದಳು, ಕಿವಿಗೆ ಇಯರ್‌ಫೋನ್ ತೂರಿದಳು. "ಸಾವ್ಕಾರ್ರ, ಅಳ್ರಿ. ಜೋರಾಗಿ. ಕೀಲಿ ಸದ್ದು ಹೊರಗ ಹೋಗಬಾರ್ದು."

ದತ್ತಾತ್ರೇಯ ಅತ್ತ. ಅದಕ್ಕೆ ನಟನೆ ಬೇಕಾಗಲಿಲ್ಲ.

ಅವಳು ತಕ್ಷಣ ಒತ್ತಲಿಲ್ಲ. ಕಣ್ಣು ಮುಚ್ಚಿ ಕೇಳುತ್ತ ಕೂತಳು. ಹೊರಗೆ ಅವರು ಅವಳ ಮಡಕೆಯಿಂದ ಮಜ್ಜಿಗೆ ಬಗ್ಗಿಸಿಕೊಳ್ಳುತ್ತಿದ್ದರು, ಒಳಗೆ ಒಬ್ಬನ ಸುಟ್ಟ ಕೈ ಉರಿಯುತ್ತಿತ್ತು, ಇವಳು ಸಂದು ಹುಡುಕುತ್ತಿದ್ದಳು. ದತ್ತಾತ್ರೇಯನಿಗೆ ಅವಳ ಕುತ್ತಿಗೆ ಹಿಸುಕಬೇಕೆನಿಸಿತು. ಕಡೆಗೆ ಎಡಗೈ ತೋರುಬೆರಳಿನಿಂದ ಒತ್ತತೊಡಗಿದಳು, ಎಡವುತ್ತ, ನಿಲ್ಲುತ್ತ. ನಿಲ್ಲಿಸಿ ಕೇಳಿದಳು. ಮುಖ ಕಪ್ಪಾಯಿತು.

"ಮುದುಕ ಸಿಕ್ಕಾನ. ಯಾರು ನೀನು ಅಂತ ಕೇಳಾಕತ್ತಾನ. ಇದು ಶಿವದೇವಿ ಕೈ ಅಲ್ಲ, ಡಬ್ಬಿ ಕದ್ದು ಒತ್ತಾಕತ್ತೀಯ, ಕಳ್ಳಗ ನಾ ಮಾತಾಡಂಗಿಲ್ಲ ಅಂತಾನ."

"ಕೈ ಮುರದೈತಿ ಅಂತ ಹೇಳ್ರಿ!"

"ಹೇಳೀನ್ರಿ. ನಂಬವಲ್ಲ. ಹೊಂಟ ಅಂವ."

ಒಂದು ಕ್ಷಣ ಅವಳು ಕೀಲಿಯನ್ನು ನೋಡಿದಳು. ಆಮೇಲೆ ಅದನ್ನು ನೆಲಕ್ಕೆ ಇಳಿಸಿ, ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, ಬೆರಳು ಬಿಟ್ಟು ಇಡೀ ಎಡ ಅಂಗೈಯಿಂದ ಅದೇ ಸುದ್ದಿಯನ್ನು ಮತ್ತೆ ತಟ್ಟಿದಳು, ಹಿಟ್ಟಿನ ಮುದ್ದೆ ಎದುರಿಗಿದೆಯೆಂಬಂತೆ. ಮೂರು ತಟ್ಟು, ಒಂದು ತಿರುವು. ಮೂರು ತಟ್ಟು, ಒಂದು ತಿರುವು. ಸದ್ದು ಗೋಡೆ ದಾಟಿತು.

"ಕ್ಯಾ ಆವಾಜ್ ಹೈ ರೇ?" ಹೊರಗಿನಿಂದ ಒಬ್ಬ.

ಅಳುವುದನ್ನು ನಿಲ್ಲಿಸಿ ದತ್ತಾತ್ರೇಯ ತನ್ನ ಜೀವಮಾನದ ದೊಡ್ಡ ವ್ಯಾಪಾರ ಮಾಡಿದ. "ಪಾಗಲ್ ಹೋಗಯೀ ಭಾಯ್! ನೆಲಕ್ಕೆ ರೊಟ್ಟಿ ತಟ್ಟುತಾ ಹೈ! ನನ್ನನ್ನ ಬೇರೆ ಕೋಣೆಗೆ ಹಾಕ್ರೋ!"

ಹೊರಗೆ ನಗೆಯೆದ್ದಿತು. ರೊಟ್ಟಿಯವಳಿಗೆ ಹುಚ್ಚು ಹಿಡಿದರೆ ರೊಟ್ಟಿಯನ್ನೇ ತಟ್ಟುತ್ತಾಳೆ, ಇನ್ನೇನು! ಒಬ್ಬ ತನಗೂ ಎರಡು ಹಾಕು ಎಂದು ಕೂಗಿದ. ಒಳಗೆ ಶಿವದೇವಿಯ ಕಣ್ಣಿಂದ ನೀರು ಇಳಿಯುತ್ತಿತ್ತು. "ಹಿಟ್ಟು ಉದುರ್ತು ಅಂದ ಮುದುಕ," ಎಂದಳು. "ಹಿಟ್ಟು ಉದುರ್ತು, ತಡೀರಿ ತಾಯಿ, ಅಂದ."

ಆಮೇಲೆ ತಿಳಿದದ್ದು: ರಾಘವೇಂದ್ರ ಆ ಮೊಣಕಾಲಿನಲ್ಲೇ ಓಡಿ ಪಕ್ಕದ ಮನೆಯ ಫೋನು ಹಿಡಿದ. ಕೊಂಡಾಪುರದಲ್ಲಿ ಕೊಲೆ ನಡೆಯುತ್ತಿದೆ ಎಂದು ಬೀದರಿನಿಂದ ಹೇಳಿದರೆ ನಂಬುವವರು ಯಾರು? ಬಂದ್ ದಿನ ಚೌಕದಲ್ಲಿ ಸುಮ್ಮನೆ ನಿಂತಿದ್ದ ಪೊಲೀಸ್ ಜೀಪಿಗೆ ಸುದ್ದಿ ಮುಟ್ಟುವವರೆಗೂ ಅವನು ಒಂದೊಂದೇ ನಂಬರಿಗೆ ಬೈದನಂತೆ.

ಜೀಪಿಗಿಂತ ಗುಮಾಸ್ತ ಮೊದಲು ಬಂದ. ಬಾಗಿಲು ತೆರೆಯಿತು. ಯಾದಗಿರಿಯ ಕೈಯಲ್ಲಿ ತೆಂಗಿನಕಾಯಿ ಕತ್ತಿ. ಒಬ್ಬ ಮಸಿಗೆ ಒತ್ತಲೆಂದು ಶಿವದೇವಿಯ ಎಡಗೈ ಹಿಡಿಯಲು ಬಗ್ಗಿದ. ಅವಳು ಕೋಣೆಯ ಡಬ್ಬದಿಂದ ಮಡಿಲ ಸೆರಗಿಗೆ ಸುರಿದಿಟ್ಟಿದ್ದ ಖಾರದ ಪುಡಿಯನ್ನು ಅವನ ಕಣ್ಣಿಗೆ ತುಂಬಿದಳು. ಯಾದಗಿರಿ ಮೊದಲು ಸಾಕ್ಷಿಯನ್ನು ಮುಗಿಸುವ ಎಂದು ದತ್ತಾತ್ರೇಯನ ಕಾಲಿಗೆ ಕತ್ತಿ ಬೀಸಿದ. ಕಟ್ಟಿಹಾಕಿದ ಮನುಷ್ಯ ಎಲ್ಲಿಗೆ ಹೋದಾನು? ಕತ್ತಿ ಮೀನಖಂಡದ ಮಾಂಸವನ್ನು ತೆರೆಯಿತು. ಎರಡನೆಯ ಏಟಿಗೆ ಎತ್ತಿದ ಕೈ ಇಳಿಯಲಿಲ್ಲ. ಶಿವದೇವಿ ಮೂಲೆಯಲ್ಲಿದ್ದ ಒನಕೆಯನ್ನು ಎಡಗೈ ಮತ್ತು ಕಂಕುಳ ನಡುವೆ ಹಿಡಿದು, ಜೋಳ ಕುಟ್ಟುವ ಹೆಂಗಸು ಇಡೀ ಮೈಭಾರ ಹಾಕುವಂತೆ, ಯಾದಗಿರಿಯ ಮೊಣಕಾಲಿಗೆ ಇಳಿಸಿದಳು. ಅವನು ಬಿದ್ದ ಮೇಲೂ ಇಳಿಸಿದಳು. ಪೊಲೀಸರು ಗೇಟು ಹಾರಿ ಒಳಗೆ ಬಂದಾಗ ಒಬ್ಬ ಇನ್ಸ್‌ಪೆಕ್ಟರು ಯಾರನ್ನು ಯಾರಿಂದ ಬಿಡಿಸಬೇಕೆಂದು ತಿಳಿಯದೆ ಕ್ಷಣ ನಿಂತ.

ಕೋರ್ಟು ಕಚೇರಿ ವರ್ಷಗಟ್ಟಲೆ ನಡೆಯಿತು. ಯಾದಗಿರಿ ಜಾಮೀನಿನ ಮೇಲೆ ಬಂದ. ಈಗಲೂ ಸೆಟ್ಲ್‌ಮೆಂಟು ಮಾಡುತ್ತಾನೆ, ಆದರೆ ಕುಂಟುತ್ತಾನೆ, ಶಿವದೇವಿಯ ಬೀದಿಗೆ ಕುಂಟುವುದಿಲ್ಲ. ನೆಲ ಅವಳದಾಗಿಯೇ ಉಳಿಯಿತು. ಸುತ್ತ ಎದ್ದ ಗಾಜಿನ ಕಟ್ಟಡಗಳ ನಡುವೆ ತಗಡಿನ ಚಪ್ಪರ ಈಗಲೂ ಹೊಗೆ ಬಿಡುತ್ತದೆ. ಬಲಗೈ ಬೆರಳು ಮೂರು ಮಡಚುವುದಿಲ್ಲ; ರೊಟ್ಟಿ ಒಂದು ಕಡೆ ದಪ್ಪ, ಒಂದು ಕಡೆ ತೆಳು. ಗಿರಾಕಿಗಳು ಬಾಯಿ ಬಿಡುವುದಿಲ್ಲ, ಒನಕೆ ಮೂಲೆಯಲ್ಲೇ ಇದೆ. ಭರತ ಊರಿನಿಂದ ಹೊಸ ಡಬ್ಬಿ ಮಾಡಿ ಕಳಿಸಿದ. ಹತ್ತು ವ್ಯಾಟಿನದು ಬೇಕಾದರೆ ಹೇಳಿ ಎಂದು ಕೇಳಿದ. ಎರಡು ಸಾಕು ಎಂದಳು. ಪೊಲೀಸರ ಮುಂದೆ ಹೇಳಿಕೆ ಕೊಡುವಾಗ ದತ್ತಾತ್ರೇಯ ಒಂದೇ ಮಾತನ್ನು ತಿದ್ದಿಸಿದ: ತಾನು ತೂಕದಲ್ಲಿ ಹೊಡೆಯುವುದಿಲ್ಲ.

"ಅದು ಖರೆ ಅಂತ ಹೇಳಿದ್ದಲ್ರಿ ಸಾವ್ಕಾರ್ರ," ಎಂದು ಶಿವದೇವಿ ನಕ್ಕಳು. "ನಿಮ್ಮನ್ನ ಬಿಡ್ಲಿ ಅಂತ ಹೇಳಿದ್ದು."

"ಬಿಟ್ರೇನು?"

"ಇಲ್ಲಲ್ಲ. ಅವ್ರೂ ನಂಬಲಿಲ್ಲ ನೋಡ್ರಿ, ನೀವು ನನ್ನ ಬಳಗ ಅಲ್ಲ ಅಂದ್ರ."

ದತ್ತಾತ್ರೇಯ ಇಂದಿಗೂ ಅವಳಿಗೆ ಜೋಳ ಇಳಿಸಲು ತಾನೇ ಹೋಗುತ್ತಾನೆ, ಎಡ ಅಂಗೈಯಲ್ಲಿ ರೇಖೆಗಳಿಲ್ಲ, ಕಾಲು ಮಳೆಗಾಲದಲ್ಲಿ ಎಳೆಯುತ್ತದೆ. ಕ್ವಾರಿ ಗುಂಡಿಯ ನೀರಿನಡಿಯಲ್ಲಿ ಇರಬೇಕಾಗಿದ್ದ ನಾನು ಕೂತು ಇದನ್ನು ಬರೆಯುತ್ತಿದ್ದೇನೆ. ನನ್ನ ಜೀವ ಶಿವದೇವಿ ಕೊಟ್ಟದ್ದು.